ಹಿಂದಿನ ಸೀಟು

ನವೆಂಬರ್ 3, ಸೋಮವಾರ

ಈ ಡೈರಿ ನಮ್ಮ ಬೀದಿಯ ಇನ್ಷೂರೆನ್ಸ್ ಏಜೆಂಟ್ ಜನವರಿಯಲ್ಲಿ ಕೊಟ್ಟದ್ದು. ಹತ್ತು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಕಾಮಾಕ್ಷಿ ಅದರ ಧೂಳು ಒರೆಸಿ ನನ್ನ ಮುಂದೆ ಇಟ್ಟು, "ರೀ, ದಿನಾ ಸಾಯಂಕಾಲ ನನ್ ಹತ್ರ ಕೂಗಾಡೋ ಬದ್ಲು ಇದ್ರಲ್ಲಿ ಬರ್ಕೊಳಿ. ಇದು ತಿರುಗಿ ಮಾತಾಡಲ್ಲ" ಅಂದಳು. ಇವಳು ತಿರುಗಿ ಮಾತಾಡದೆ ಇದ್ದಿದ್ದರೆ ನಾನು ಕೂಗಾಡುತ್ತಲೇ ಇರಲಿಲ್ಲ.

ಬರೆದಿಡಬೇಕಾದ ಸಂಗತಿ ಇಷ್ಟೆ. ಸಾಂತಪ್ಪ ಎಂಬ ನಾನು ಇಪ್ಪತ್ನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದ್ದೇನೆ. ಘಾಟಿಯಲ್ಲಿ, ಮಂಜಿನಲ್ಲಿ, ಜೂನ್ ತಿಂಗಳ ಮಳೆಯಲ್ಲಿ. ಒಂದು ಕೋಳಿಯೂ ನನ್ನ ಚಕ್ರಕ್ಕೆ ಸಿಕ್ಕಿದ್ದಿಲ್ಲ. ಕಳೆದ ತಿಂಗಳ ಮೆಡಿಕಲ್‌ನಲ್ಲಿ ಒಬ್ಬ ಎಳೆ ಡಾಕ್ಟರು ನನ್ನ ಗಲ್ಲವನ್ನು ಮೆಷಿನ್ನಿನ ಮೇಲೆ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದ. ಒತ್ತಿದೆ. ಸಾಕಾಗುವಷ್ಟು ಒತ್ತಲಿಲ್ಲವಂತೆ. ಕಣ್ಣೊಳಗೆ ಪ್ರೆಷರ್ ಅಂತೆ, ಎರಡೂ ಪಕ್ಕದ ನೋಟ ಹೋಗಿದೆಯಂತೆ, ಹೋದದ್ದು ಬರುವುದಿಲ್ಲವಂತೆ. ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ಹನಿ. ಸ್ಟೇರಿಂಗ್ ಮುಟ್ಟುವಂತಿಲ್ಲ.

ಈಗ ಕುಶಾಲನಗರ ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂತು ಬೇರೆಯವರು ಓಡಿಸುವ ಬಸ್ಸುಗಳ ಹೆಸರನ್ನು ಮೈಕಿನಲ್ಲಿ ಕೂಗುತ್ತೇನೆ. ಪೇಪರಿನ ಸಣ್ಣಕ್ಷರವನ್ನು ಕನ್ನಡಕವಿಲ್ಲದೆ ಓದುವ ನನಗೆ ಕಣ್ಣು ಕಾಣುವುದಿಲ್ಲವಂತೆ! ಡಿಸೆಂಬರ್ 10ರೊಳಗೆ ಮೇಲ್ಮನವಿ ಕೊಟ್ಟರೆ ಇನ್ನೊಂದು ಸಲ ಮೆಡಿಕಲ್ ಮಾಡುತ್ತಾರೆ. ಚುಕ್ಕಿ ಯಾವ ಲೆಕ್ಕದಲ್ಲಿ ಬರುತ್ತದೆಂದು ಈಗ ಒಂದು ಅಂದಾಜು ಸಿಕ್ಕಿದೆ. ಕಾಣಲಿ ಬಿಡಲಿ, ಒತ್ತುತ್ತಾ ಹೋಗುವುದು.

ಇದನ್ನು ಬರೆಯಲು ಏಳುವಾಗ ಸ್ಟೂಲಿಗೆ ಎಡವಿದೆ. ಪಕ್ಕದ ಮನೆಯವರು ಬಂದಾಗ ಎಳೆದಿಟ್ಟು ಹೋಗಿದ್ದರು. ಜನರಿಗೆ ಸ್ಟೂಲು ಎಲ್ಲಿಡಬೇಕೆಂಬ ಪರಿಜ್ಞಾನವಿಲ್ಲ.

ನವೆಂಬರ್ 6, ಗುರುವಾರ

ಕಾಮಾಕ್ಷಿ ನನ್ನ ಹೆಸರನ್ನು ಸೈಕಲ್ ಯಾತ್ರೆಗೆ ಬರೆಸಿದ್ದಾಳೆ. ನನ್ನನ್ನು ಒಂದು ಮಾತು ಕೇಳದೆ.

ಮೈಸೂರಿನ ಒಂದು ತಂಡವಂತೆ. ಒಂದೇ ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲ್ಲು. ಮುಂದೆ ಕಣ್ಣು ಕಾಣುವವರು, ಹಿಂದೆ ಕಾಣದವರು. ಇಂಥ ಆರು ಸೈಕಲ್ಲು ಈ ತಿಂಗಳ ಕೊನೆಯ ಶನಿವಾರ ಇಲ್ಲಿಂದ ಹೊರಟು, ಸಿದ್ದಾಪುರದ ಮೇಲೆ ಪಾಲಿಬೆಟ್ಟಕ್ಕೆ ಹೋಗಿ ತಂಗಿ, ಭಾನುವಾರ ಪೊನ್ನಂಪೇಟೆ ಸೇರುತ್ತವೆ. ತಂಡದ ಮುಖ್ಯಸ್ಥ ನವೀನ್‌ಕುಮಾರ್ ಮನೆಗೇ ಬಂದಿದ್ದ.

"ನಾನು ಕುರುಡನಲ್ಲಪ್ಪ" ಎಂದೆ.

"ಇಲ್ಲ ಸಾರ್, ಸ್ವಲ್ಪ ಕಡಿಮೆ ಇರೋರೂ ಬರ್ತಾರೆ" ಎಂದ. ಕಾಮಾಕ್ಷಿ ಅವನಿಗೆ ಎರಡನೇ ಕಾಫಿ ತಂದುಕೊಟ್ಟಳು. ನನಗೆ ಒಂದೇ.

ಕೊನೆಗೆ ಒಪ್ಪಿದ್ದು ಒಂದು ಕಾರಣಕ್ಕೆ. ಯಾತ್ರೆ ಮುಗಿಸಿದವರಿಗೆ ಸರ್ಟಿಫಿಕೇಟ್ ಕೊಡುತ್ತಾರೆ. ಎರಡು ದಿನ ಕೊಡಗಿನ ಏರಿನಲ್ಲಿ ಸೈಕಲ್ ತುಳಿದವನು ಬಸ್ಸು ಓಡಿಸಲು ಲಾಯಕ್ಕಿಲ್ಲ ಎನ್ನಲು ಯಾವ ಬೋರ್ಡಿಗೆ ಬಾಯಿ ಬರುತ್ತದೆ? ಮೇಲ್ಮನವಿಗೆ ಲಗತ್ತಿಸಬಹುದು.

ನವೆಂಬರ್ 9, ಭಾನುವಾರ

ಮೊದಲ ಅಭ್ಯಾಸ, ಶಾಲೆಯ ಮೈದಾನದಲ್ಲಿ. ನನ್ನ ಜೋಡಿ ಪವಿತ್ರಾ ಎಂಬ ಹುಡುಗಿ. ಇಪ್ಪತ್ತಾರು ವರ್ಷ, ಪೊನ್ನಂಪೇಟೆಯವಳು, ಇಲ್ಲಿನ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ. ನನ್ನನ್ನು "ಅಂಕಲ್" ಎನ್ನುತ್ತಾಳೆ. ಕೊರಳಲ್ಲಿ ಸೀಟಿ. ಮಾತಾಡುವಾಗಲೂ ಸೀಟಿ ಊದಿದ ಹಾಗೆಯೇ.

ಮುಂದಿನ ಸೀಟು ನನ್ನದು ಎಂದೆ. ಆಗಲ್ಲ ಅಂಕಲ್ ಎಂದಳು. ಒಂದು ಸುತ್ತು ನೋಡಮ್ಮ, ಆಮೇಲೆ ಹೇಳು ಎಂದು ಹತ್ತಿಯೇಬಿಟ್ಟೆ. ಪಾಪ, ಹಿಂದೆ ಕೂತಳು. ಸೈಕಲ್ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಧ್ವಜಸ್ತಂಭದವರೆಗೂ. ಧ್ವಜಸ್ತಂಭವನ್ನು ಮೈದಾನದ ಬದಿಗೆ ಯಾಕೆ ನೆಡುತ್ತಾರೋ ತಿಳಿಯದು. ಮಧ್ಯದಲ್ಲಿ ನೆಟ್ಟಿದ್ದರೆ ಕಾಣಿಸುತ್ತಿತ್ತು.

ಮೊಣಕೈ ತರಚಿದೆ. ಅವಳಿಗೆ ಏನೂ ಆಗಲಿಲ್ಲ, ಮೊದಲೇ ನೆಗೆದಿದ್ದಳು. ಸದ್ದಿಗೆ ಎಲ್ಲರೂ ಗಾಬರಿಯಾದರೆ, ಬೆಂಚಿನ ಮೇಲೆ ಕೂತಿದ್ದ ಒಬ್ಬರು ಮಾತ್ರ ಗಹಗಹಿಸಿ ನಕ್ಕರು. ದೇರಪ್ಪ ಅಂತ, ಗಾಳಿಬೀಡಿನವರು, ಟೆಲಿಫೋನ್ ಆಪರೇಟರ್ ಆಗಿ ರಿಟೈರಾದವರು. ಹುಟ್ಟುಕುರುಡರು.

"ಎಂತ ಮಾರಾಯ್ರೆ, ಕಂಬಕ್ಕೆ ಕಣ್ಣು ಕಾಣ್ಲಿಲ್ವಾ?" ಎಂದರು.

ಹಿಂದೆ ಕೂರುವವರಿಗೆ ತಂಡದವರು ಏನೋ ಇಂಗ್ಲಿಷ್ ಹೆಸರು ಹೇಳಿದರು. ನನಗೆ ಕೇಳಿಸಿದ್ದು ಲಗೇಜ್ ಎಂದು.

ನವೆಂಬರ್ 16, ಭಾನುವಾರ

ಹಿಂದೆ ಕೂತೆ. ಹ್ಯಾಂಡಲ್ ಇದೆ, ತಿರುಗುವುದಿಲ್ಲ. ಬ್ರೇಕ್ ಇಲ್ಲ. ಬೆಲ್ ಸಹ ಇಲ್ಲ. ಮನುಷ್ಯನನ್ನು ಇದಕ್ಕಿಂತ ಹೆಚ್ಚಾಗಿ ಅವಮಾನಿಸುವ ಯಂತ್ರವನ್ನು ಯಾರೂ ಕಂಡುಹಿಡಿದಿರಲಾರರು.

ಹುಡುಗಿಗೆ ತಿರುವು ತೆಗೆದುಕೊಳ್ಳಲು ಬರುವುದಿಲ್ಲ. ಒಳಗೆ ಹಿಡಿ ಎಂದೆ, ಬ್ರೇಕ್ ಈಗ ಬೇಡ ಎಂದೆ, ಹಿಂದೆ ಲಾರಿ ಬರ್ತಿದೆ ಎಂದೆ. ಕಾಲುವೆ ರಸ್ತೆಯ ಅರ್ಧದಲ್ಲಿ ಸೈಕಲ್ ನಿಲ್ಲಿಸಿ ಇಳಿದಳು.

"ಅಂಕಲ್, ನಿಮ್ ಬಸ್ಸಲ್ಲಿ ಪ್ಯಾಸೆಂಜರ್ ಹಿಂಗೆ ಮಾತಾಡಿದ್ರೆ ಏನ್ ಮಾಡ್ತಿದ್ರಿ?"

"ಇಳಿಸ್ತಿದ್ದೆ."

"ಇಳೀತೀರಾ?"

ಮನೆ ಅಲ್ಲಿಂದ ನಾಲ್ಕು ಕಿಲೋಮೀಟರ್. ಬಾಯಿ ಮುಚ್ಚಿಕೊಂಡು ತುಳಿದೆ. ಬದಿಯಲ್ಲಿ ಎಷ್ಟು ಕಾಣುತ್ತದೆ ಅಂಕಲ್ ಎಂದು ಆಮೇಲೆ ಕೇಳಿದಳು. ಎಲ್ಲ ಕಾಣುತ್ತದೆ, ಸಂಜೆ ಹೊತ್ತು ಸ್ವಲ್ಪ ಮಬ್ಬು ಎಂದೆ. ಸುಮಾರಾಗಿ ನಿಜವೇ.

ನವೆಂಬರ್ 18, ಮಂಗಳವಾರ

ಡ್ಯೂಟಿ ಮುಗಿಸಿ ಬರುವಾಗ ಸೊಪ್ಪಿನ ಮುದುಕಿಯೊಬ್ಬಳಿಗೆ ಡಿಕ್ಕಿ. ಬುಟ್ಟಿ ಚೆಲ್ಲಿತು. ಕಣ್ಣು ಕಾಣಲ್ವೇನಯ್ಯ ಎಂದು ಬೀದಿಯೆಲ್ಲ ಕೇಳುವ ಹಾಗೆ ಬೈದಳು. ಎಂಥಾ ಬಾಯಿ! ಎರಡು ಕಟ್ಟು ದಂಟು ಕೊಂಡುಕೊಂಡು ಬಂದೆ. ದಂಟು ಯಾಕೆ ತಂದ್ರಿ, ನಿಮಗೆ ಸೇರಲ್ವಲ್ಲ ಎಂದಳು ಕಾಮಾಕ್ಷಿ. ಸೇರುತ್ತದೆ ಎಂದೆ. ತಿನ್ನಬೇಕಾಯಿತು.

ನವೆಂಬರ್ 23, ಭಾನುವಾರ

ಗುಡ್ಡೆಹೊಸೂರಿನವರೆಗೆ ಹೋಗಿ ಬಂದೆವು. ತೊಡೆ ನೋವು. ಏರಿನಲ್ಲಿ ಪವಿತ್ರಾ, "ಅಂಕಲ್, ನಿಮ್ ಕಾಲು ಚೆನ್ನಾಗಿದೆ" ಎಂದಳು. ಕ್ಲಚ್ ತುಳಿದ ಕಾಲು. ಹೇಳಿದ್ದರಲ್ಲಿ ತಪ್ಪಿಲ್ಲ.

ನವೆಂಬರ್ 29, ಶನಿವಾರ. ಪಾಲಿಬೆಟ್ಟ

ಇವತ್ತು ಬರೆಯುವುದು ಬಹಳ ಇದೆ. ಕೂಡಲೇ ಬರೆಯದಿದ್ದರೆ ಉಳಿದವರ ಬಾಯಲ್ಲಿ ಬೇರೆಯೇ ಕಥೆಯಾಗುತ್ತದೆ. ಆಗಲೇ ಆಗಿದೆ.

ಬೆಳಿಗ್ಗೆ ಏಳಕ್ಕೆ ಆರು ಸೈಕಲ್ಲು ಹೊರಟವು. ನೆಲ್ಲಿಹುದಿಕೇರಿಯಲ್ಲಿ ನಮ್ಮದು ಪಂಕ್ಚರ್. ಪ್ಯಾಚ್ ಹಾಕಿಸುವಷ್ಟರಲ್ಲಿ ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ನವೀನ್‌ಕುಮಾರ್ ಫೋನ್ ಮಾಡಿ, ಸಿದ್ದಾಪುರದಲ್ಲೇ ಇರಿ, ಜೀಪ್ ಕಳಿಸ್ತೀನಿ, ಸೈಕಲ್ ಮೇಲೆ ಹಾಕ್ಕೊಂಡು ಬನ್ನಿ ಎಂದ. ಜೀಪಿನಲ್ಲಿ ಬಂದವನಿಗೆ ಯಾರು ಸರ್ಟಿಫಿಕೇಟ್ ಕೊಡುತ್ತಾರೆ? ಸಿದ್ದಾಪುರ ದಾಟಿದ ಮೇಲೆ ಎಸ್ಟೇಟಿನೊಳಗೆ ಒಂದು ರಸ್ತೆ ಇದೆ, ಆರು ಕಿಲೋಮೀಟರ್ ಉಳಿಯುತ್ತದೆ, ಒಂದು ಮಳೆಗಾಲ ಮರ ಬಿದ್ದಾಗ ಐವತ್ತು ಜನರನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಬಸ್ಸು ತಂದಿದ್ದೇನೆ ಎಂದೆ.

"ಬೆಳಿಗ್ಗೆ ಈ ಕಡೆ ಆನೆ ಇದೆ ಅಂತ ಫಾರೆಸ್ಟ್‌ನವ್ರ ಮೆಸೇಜ್ ಬಂದಿತ್ತು ಅಂಕಲ್. ಯಾವ ತೋಟ ಅಂತ ಸರಿಯಾಗಿ ನೋಡ್ಲಿಲ್ಲ. ಈಗ ನೆಟ್‌ವರ್ಕ್ ಇಲ್ಲ."

"ಹಗಲು ಹೊತ್ತು ಯಾವ ಆನೆಯಮ್ಮ? ನಾನು ನೋಡ್ಕೋತೀನಿ. ಪಕ್ಕದಲ್ಲಿ ಏನಾದ್ರೂ ಅಲ್ಲಾಡಿದ್ರೆ ಹೇಳ್ತೀನಿ."

ನನ್ನ ಮಾತಿನ ಮೇಲೆ ಅವಳು ಹ್ಯಾಂಡಲ್ ತಿರುಗಿಸಿದಳು. ಎರಡೂ ಕಡೆ ಕಾಫಿ, ಹಣ್ಣು ಕೆಂಪಾಗಿದ್ದ ಕಾಲ. ರಸ್ತೆ ಕಿರಿದು. ಹದಿನೈದು ನಿಮಿಷ ತುಳಿದಿರಬೇಕು. ಇದ್ದಕ್ಕಿದ್ದಂತೆ ಸೈಕಲ್ ನಿಂತಿತು. ಚೈನ್ ಕಳಚಿತೆಂದುಕೊಂಡೆ.

"ಅಂಕಲ್, ಅಲ್ಲಾಡ್ಬೇಡಿ" ಎಂದಳು. ಉಸಿರಿನಲ್ಲಿ ಹೇಳಿದ ಹಾಗಿತ್ತು.

ನಾಯಿ ಇರಬೇಕೆನಿಸಿತು. ಎಸ್ಟೇಟ್ ನಾಯಿಗಳು ಸೈಕಲ್ ಕಂಡರೆ ಬಿಡುವುದಿಲ್ಲ. "ಬೆಲ್ ಹೊಡಿಯಮ್ಮ, ಓಡ್ತದೆ" ಎಂದು ಜೋರಾಗಿಯೇ ಹೇಳಿದೆ.

"ಬಾಯ್ ಮುಚ್ಚಿ!"

ನನ್ನ ಅರ್ಧ ವಯಸ್ಸಿನವರು ಯಾರೂ ಇದುವರೆಗೆ ನನಗೆ ಹಾಗೆ ಹೇಳಿದ್ದಿಲ್ಲ. ಎಷ್ಟು ಆಶ್ಚರ್ಯವಾಯಿತೆಂದರೆ, ಮುಚ್ಚಿದೆ. ನೆಟ್ಟಗೆ ಮುಂದೆ ನೋಡಿದೆ. ರಸ್ತೆ ಖಾಲಿ. ಅವಳು ಮೆಲ್ಲಗೆ ಇಳಿದು ನನ್ನನ್ನೂ ಇಳಿಸಿದಳು. ಈ ಸೈಕಲ್ ಎಂಟು ಅಡಿ ಉದ್ದ. ಆ ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲ. "ಎತ್ತಿ" ಎಂದಳು, ಎತ್ತಿದೆ. "ಹಿಂದಕ್ಕೆ" ಎಂದಳು, ಹಿಂದಕ್ಕೆ ನಡೆದೆ. "ನಿಲ್ಲಿ" ಎಂದಾಗ ನಿಂತೆ. ಎಲ್ಲೋ ಬಹಳ ಹತ್ತಿರ ಕೊಂಬೆ ಮುರಿದ ಸದ್ದಾಯಿತು. ಹುಲ್ಲು, ಲದ್ದಿ, ಹಸಿ ಮಣ್ಣು ಎಲ್ಲ ಕಲಸಿದಂಥ ವಾಸನೆ. ಅವಳ ಕೈ ನನ್ನ ಅಂಗಿಯ ತೋಳನ್ನು ಹಿಡಿದಿತ್ತು. ಮೂವತ್ತು ಹೆಜ್ಜೆ ಹಾಗೆ ಹಿಂದೆ ಬಂದು, ಒಂದು ಗೇಟಿನ ಹತ್ತಿರ ಸೈಕಲ್ ತಿರುಗಿಸಿ, ಹತ್ತಿ, ಹಿಂದೆ ನೋಡದೆ ತುಳಿದೆವು.

ದೊಡ್ಡ ರಸ್ತೆ ಸೇರಿ, ಮೋರಿಯ ಕಟ್ಟೆಯ ಮೇಲೆ ಕೂತ ಮೇಲೆ ಅವಳಿಗೆ ಮಾತು ಬಂತು.

"ಎಷ್ಟ್ ಹತ್ರ ಇತ್ತು! ನಿಮ್ ಎಡಗಡೆ, ಹದಿನೈದು ಅಡೀನೂ ಇಲ್ಲ. ಮರಿ ಬೇರೆ ಇತ್ತು. ಕಿವಿ ಅಗಲ ಮಾಡಿ ನಿಮ್ಮನ್ನೇ ನೋಡ್ತಿತ್ತು ಆನೆ. ನೀವು ತಲೆ ಸಹ ತಿರುಗಿಸ್ಲಿಲ್ವಲ್ಲ ಅಂಕಲ್! ಬಂಡೆ ಹಂಗೆ ನಿಂತಿದ್ರಿ. ನೀವು ಹಂಗಿದ್ದಿದ್ದಕ್ಕೇ ನನಗೆ ಧೈರ್ಯ ಬಂತು."

ನಾನು ಕಂಡದ್ದು ಖಾಲಿ ರಸ್ತೆ. ಬಾಯಿ ಮಾತ್ರ, "ಇಪ್ಪತ್ನಾಲ್ಕು ವರ್ಷದ ಸರ್ವಿಸ್ ಅಮ್ಮ" ಎಂದಿತು.

ಕೊನೆಗೆ ನಮ್ಮನ್ನು ಹುಡುಕಿಕೊಂಡು ಬಂದ ಜೀಪಿನ ಹಿಂದೆ ನಿಧಾನವಾಗಿ ತುಳಿದುಕೊಂಡೇ ಪಾಲಿಬೆಟ್ಟಕ್ಕೆ ಬಂದೆವು. ತಂಗಿರುವ ಸಮುದಾಯ ಭವನದಲ್ಲಿ ಪವಿತ್ರಾ ಎಲ್ಲರಿಗೂ ಹೇಳಿದಳು. ಆನೆಯ ದೂರ ಹತ್ತು ಅಡಿಗೆ ಇಳಿಯಿತು. ಆ ದಾರಿಗೆ ಯಾಕೆ ಹೋದಿರೆಂದು ಕೋಪದಲ್ಲಿ ಶುರುಮಾಡಿದ ನವೀನ್‌ಕುಮಾರ್ ಕೊನೆಗೆ ನನ್ನ ಬೆನ್ನು ತಟ್ಟಿದ. ಚಪ್ಪಾಳೆ ಬಿತ್ತು. ನಾನು ಬೇಡ ಬೇಡ ಎಂದು ಕೈಯಾಡಿಸಿದೆ, ಹಾಗೆ ಆಡಿಸಿದರೆ ಇನ್ನೂ ಬೀಳುತ್ತದೆ.

ದೇರಪ್ಪನವರು ಮಾತ್ರ ಅನ್ನ ಕಲಸುತ್ತ, "ಸಾಂತಪ್ಪನವರೇ, ದಂತ ಎಷ್ಟುದ್ದ ಇತ್ತು?" ಎಂದರು.

"ಇತ್ತು, ಉದ್ದಕ್ಕೇ ಇತ್ತು. ಮೊಳಕ್ಕಿಂತ ಹೆಚ್ಚು."

"ಹೆಣ್ಣಾನೆಗಾ?"

ಯಾರೂ ಗಮನಿಸಲಿಲ್ಲ. ಪವಿತ್ರಾ ಗಮನಿಸಿದಳು. ಅವಳ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಎದುರಿಗೇ ಕೂತಿದ್ದಳಲ್ಲ, ಚೆನ್ನಾಗಿ ಕಾಣಿಸಿತು.

ಟೆಲಿಫೋನ್ ಆಪರೇಟರುಗಳಿಗೆ ಬೇರೆಯವರ ಮಾತಿಗೆ ಕಿವಿ ಕೊಡುವುದೇ ಕೆಲಸ.

ನವೆಂಬರ್ 30, ಭಾನುವಾರ

ಮನೆಗೆ ಬಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಪವಿತ್ರಾ ನನ್ನ ಕಡೆ ನೋಡದೆ ಕೇಳಿದಳು. "ಅಂಕಲ್, ನಿನ್ನೆ ನಿಮಗೆ ಆನೆ ಕಾಣಿಸ್ತಾ?"

ಸುಳ್ಳು ಸಿದ್ಧವಾಗಿಯೇ ಇತ್ತು. ಆದರೆ ನಿನ್ನೆ ಅಂಗಿಯ ತೋಳು ಹಿಡಿದಿದ್ದ ಅವಳ ಕೈ ಈಗ ಪಂಪು ಹಿಡಿದಿತ್ತು. ಅದನ್ನು ನೋಡಿಕೊಂಡು ಹೇಳಲಾಗಲಿಲ್ಲ.

"ಇಲ್ಲಮ್ಮ."

ಪಂಪನ್ನು ಕೆಳಗೆ ಇಟ್ಟಳು. ಬೈದಳು. ಚೆನ್ನಾಗಿ ಬೈದಳು. "ನೋಡ್ಕೋತೀನಿ ಅಂದ್ರಲ್ಲ, ಅದನ್ನ ನಂಬಿ ಅಲ್ವಾ ನಾನು ಎಡಗಡೆ ನೋಡದೇ ಇದ್ದಿದ್ದು? ಕಾಣಲ್ಲ ಅಂತ ಒಂದ್ ಮಾತು ಹೇಳಿದ್ರೆ ನಾನೇ ಎರಡೂ ಕಡೆ ನೋಡ್ತಿದ್ದೆ. ಇಬ್ರೂ ಸಾಯ್ತಿದ್ವಿ ಅಂಕಲ್!"

ತಪ್ಪಾಯಿತು ಎಂದೆ. ಈ ಮಾತನ್ನು ಕೊನೆಯ ಸಲ ಯಾರಿಗೆ ಹೇಳಿದ್ದೆನೋ ನೆನಪಿಲ್ಲ.

ಆಮೇಲೆ ನನ್ನ ಎದುರಿಗೆ ನಿಂತು ಎರಡು ಕೈಗಳನ್ನೂ ಮುಂದೆ ಚಾಚಿದಳು. ನನ್ನ ಮುಖ ನೋಡ್ತಾ ಇರಿ, ಕೈ ಯಾವಾಗ ಮರೆಯಾಗತ್ತೆ ಹೇಳಿ ಎಂದು ಪಕ್ಕಕ್ಕೆ ಸರಿಸುತ್ತಾ ಹೋದಳು. ಎರಡು ಗೇಣು ಸರಿಸುವುದರೊಳಗೆ ಎರಡೂ ಕೈ ಹೋದವು. ಮತ್ತೊಮ್ಮೆ ಮಾಡಿಸಿದೆ. ಮತ್ತೆ ಹೋದವು.

"ಇಷ್ಟೇನಾ?" ಎಂದಳು. ದನಿ ಸಣ್ಣದಾಗಿತ್ತು.

"ಇಷ್ಟೇ. ಒಂದು ಊಟದ ತಟ್ಟೆಯಷ್ಟು" ಎಂದೆ. ಡಾಕ್ಟರಿಗೂ ನಾನು ಹೀಗೆ ಬಿಡಿಸಿ ಹೇಳಿದ್ದಿಲ್ಲ.

"ಸರಿ. ನಾನು ಹೇಳ್ತಾ ಹೋಗ್ತೀನಿ. ನಿಮಗೆ ಬೇಕಾದ್ದು ಕೇಳಿ."

ಪಾಲಿಬೆಟ್ಟದಿಂದ ಪೊನ್ನಂಪೇಟೆಯವರೆಗೆ ಹುಡುಗಿ ಬಾಯಿ ಮುಚ್ಚಲಿಲ್ಲ. ಎಡಕ್ಕೆ ಕಾಫಿ ಕುಯ್ಯುವವರು, ಏಣಿ ಇಟ್ಟು ಮೆಣಸಿನ ಬಳ್ಳಿ ನೋಡುತ್ತಿರುವ ಒಬ್ಬ. ಬಲಕ್ಕೆ ತೋಟದ ಕೂಲಿಯವರ ಲೈನ್ ಮನೆಗಳು, ಬಾಗಿಲಲ್ಲಿ ತಲೆ ಬಾಚಿಸಿಕೊಳ್ಳುತ್ತಿರುವ ಅಜ್ಜಿ. ಎಡಕ್ಕೆ ಕೆರೆ, ಕೆರೆಯಲ್ಲಿ ಅರ್ಧ ಮುಳುಗಿದ ಪಂಪ್‌ಸೆಟ್. ಈ ರಸ್ತೆಯಲ್ಲಿ ನಾನು ಆರು ವರ್ಷ ಬಸ್ಸು ಓಡಿಸಿದ್ದೇನೆ. ಕೆರೆ ಇದೆಯೆಂದೇ ಗೊತ್ತಿರಲಿಲ್ಲ. ಆಗ ಕಣ್ಣು ಚೆನ್ನಾಗಿಯೇ ಇತ್ತು. ಕೆರೆಯಲ್ಲಿ ತಾವರೆ ಇದೆಯಾ ಎಂದು ಕೇಳಿದೆ. ಇಲ್ಲ, ಪ್ಲಾಸ್ಟಿಕ್ ಇದೆ ಎಂದಳು.

ಪೊನ್ನಂಪೇಟೆ ತಲುಪಿದಾಗ ನಾವೇ ಕೊನೆ. ಎಲ್ಲರ ಮುಂದೆ ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ, ನಿನ್ನೆಯ ಆನೆ ನನಗೆ ಕಾಣಿಸಿರಲೇ ಇಲ್ಲ, ಕಂಡಿದ್ದರೆ ಸೈಕಲ್ ಬಿಟ್ಟು ಓಡುತ್ತಿದ್ದೆ ಎಂದು ಹೇಳಿಬಿಟ್ಟೆ. ಆಮೇಲೆ ನಗು ಎದ್ದಿತು ನೋಡಿ, ನಿನ್ನೆಯ ಚಪ್ಪಾಳೆ ಏನೂ ಅಲ್ಲ.

ದೇರಪ್ಪನವರು ತಡವಿಕೊಂಡು ಬಂದು ನನ್ನ ಕೈ ಹಿಡಿದರು. "ನಂಗೆ ಹುಟ್ಟಿದಾಗಿಂದ ಕಾಣುದಿಲ್ಲ, ಅಭ್ಯಾಸ ಆಗಿದೆ ಮಾರಾಯ್ರೆ. ನಿಮ್ದು ಹೊಸತು. ಶುರುವಿಗೆ ಎಲ್ರೂ ಸ್ವಲ್ಪ ಸುಳ್ಳು ಹೇಳ್ತಾರೆ. ನಿಮ್ದು ಸ್ವಲ್ಪ ಜಾಸ್ತಿಯಾಯ್ತು, ಅಷ್ಟೆ" ಎಂದರು.

ಒಳ್ಳೆಯ ಮನುಷ್ಯ. ಮೊದಲಿನಿಂದಲೂ ನನಗೆ ಹಾಗೇ ಅನಿಸಿತ್ತು.

ಡಿಸೆಂಬರ್ 4, ಗುರುವಾರ

ಮೇಲ್ಮನವಿ ಬರೆಯಲು ಕೂತೆ. 'ನನ್ನ ದೃಷ್ಟಿಯು ವಾಹನ ಚಾಲನೆಗೆ ಯೋಗ್ಯವಾಗಿದೆಯೆಂದು ಈ ಮೂಲಕ ದೃಢೀಕರಿಸುತ್ತೇನೆ' ಎಂದು ಒಂದು ಸಾಲು ಇದೆ. ಅದರ ಕೆಳಗೆ ಸಹಿ. ಪೆನ್ನಿನ ಶಾಯಿ ಸರಿ ಬರುತ್ತಿಲ್ಲ. ನಾಳೆ ನೋಡೋಣ.

ಡಿಸೆಂಬರ್ 8, ಸೋಮವಾರ

ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ.

ಕೌಂಟರಿಗೆ ಒಬ್ಬ ಮುದುಕರು ಬಂದು, ಸೋಮವಾರಪೇಟೆ ಬಸ್ಸು ಎಲ್ಲಿ ನಿಲ್ಲುತ್ತದೆ, ಬೋರ್ಡು ಓದಲಾಗುವುದಿಲ್ಲ ಎಂದರು. ಮೈಕ್ ಬಿಟ್ಟು ಎದ್ದು ಹೋಗಿ ಕೂರಿಸಿ ಬಂದೆ. ಎಷ್ಟನೇ ಸೀಟು, ಮೆಟ್ಟಿಲು ಎಷ್ಟು, ಕಂಬಿ ಯಾವ ಕಡೆ ಎಂದು ಹೇಳುತ್ತಾ ಹೋದೆ. ಹಾಗೆ ಹೇಳಿದರೆ ಅವರಿಗೆ ಅನುಕೂಲ.

ಡಿಸೆಂಬರ್ 10, ಬುಧವಾರ

ಹೋಗಲಿಲ್ಲ. ಕರೆಂಟ್ ಇತ್ತು, ಪೆನ್ನೂ ಇತ್ತು. ಐದು ಗಂಟೆಗೆ ಆಫೀಸು ಮುಚ್ಚುವವರೆಗೂ ಕೌಂಟರಿನಲ್ಲಿ ಕೂತೇ ಇದ್ದೆ. ಐವತ್ತು ಜನ ಹತ್ತಿ ಕೂತ ಬಸ್ಸು, ಎಡಗಡೆ ಹದಿನೈದು ಅಡಿಯಲ್ಲಿ ಏನಿದೆಯೆಂದು ತಿಳಿಯದ ನಾನು. ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ, ಅಷ್ಟೆ.

ಊಟಕ್ಕೆ ಕೂತಾಗ ಕಾಮಾಕ್ಷಿಗೆ ಹೇಳಿದೆ. ಮನವಿ ಕೊಡಲಿಲ್ಲ, ಇನ್ನು ಬಸ್ಸು ಇಲ್ಲ, ಪಕ್ಕದಲ್ಲಿ ನನಗೆ ಏನೂ ಕಾಣುವುದಿಲ್ಲ ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಎರಡು ವರ್ಷದಿಂದ ನೀರಿನ ಲೋಟ ನಿಮ್ ತಟ್ಟೆ ಎದುರಿಗೇ ಇಡ್ತಾ ಇದ್ದೀನಿ. ಗೊತ್ತಾಗ್ಲಿಲ್ವಾ?" ಎಂದು ಸಾರು ಬಡಿಸಿದಳು.

ನೋಡಿದೆ. ಲೋಟ ಎದುರಿಗೇ ಇತ್ತು.

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ? ನನಗೂ ಹೆದ್ರಿಕೆ ಇತ್ತು ರೀ. ದಿನಾ ಡ್ಯೂಟಿ ಮುಗ್ಸಿ ಬರೋವರ್ಗೂ ದೇವರ ದೀಪ ಆರಿಸ್ತಿರ್ಲಿಲ್ಲ."

ಆಮೇಲೆ ಅತ್ತಿದ್ದು ಯಾರು ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಡಿಸೆಂಬರ್ 14, ಭಾನುವಾರ

ತಂಡದವರು ಒಂದು ಸೈಕಲ್ಲನ್ನು ಪವಿತ್ರಾಳ ಶಾಲೆಯಲ್ಲೇ ಬಿಟ್ಟಿದ್ದಾರೆ. ಬೆಳಿಗ್ಗೆ ಅದನ್ನು ತಂದು ನಮ್ಮ ಗೇಟಿಗೆ ಒರಗಿಸಿ, ಇವತ್ತು ಸ್ಪೋರ್ಟ್ಸ್ ಡೇ ಅಂಕಲ್, ನಾನು ಬರಲ್ಲ, ಆದರೆ ನಿಮಗೆ ಜೊತೆ ಇದ್ದಾರೆ ಎಂದು ನಗುತ್ತ ಹೋದಳು. ಒಳಗಿನಿಂದ ಕಾಮಾಕ್ಷಿ ಬಂದಳು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಚೂಡಿದಾರ್ ಹಾಕಿಕೊಂಡಿದ್ದಳು.

"ನಿನಗೆ ಸೈಕಲ್ ಬರ್ತದಾ?"

"ರಾಮನಾಥಪುರದಿಂದ ಕೊಣನೂರು ಹೈಸ್ಕೂಲಿಗೆ ಮೂರು ವರ್ಷ ಹೊಡ್ದಿದ್ದೀನಿ."

"ಇಪ್ಪತ್ತಾರು ವರ್ಷದಲ್ಲಿ ಒಂದ್ ದಿನ ಹೇಳ್ಲಿಲ್ಲ?"

"ನೀವು ಒಂದ್ ದಿನ ಕೇಳ್ಲಿಲ್ಲ."

ಕಾಲುವೆ ರಸ್ತೆ ಸೇರುವಷ್ಟರಲ್ಲಿ ಎರಡು ಸಲ ಕಾಲು ಕೊಟ್ಟು ನಿಂತೆವು. ಮೂರನೆಯ ಸಲ ಸೈಕಲ್ ಹಿಡಿತಕ್ಕೆ ಬಂತು. ಎಡಗಡೆ ಏನಿದೆ ಎಂದೆ. ಸುಮ್ನಿರಿ, ಬ್ಯಾಲೆನ್ಸ್ ಸಿಗ್ಲಿ ಎಂದಳು. ಸುಮ್ಮನಿದ್ದು ತುಳಿದೆ. ಸ್ವಲ್ಪ ದೂರ ಹೋದ ಮೇಲೆ ಅವಳಾಗಿಯೇ ಶುರುಮಾಡಿದಳು. ಎಡಗಡೆ ಶುಂಠಿ ಕಿತ್ತು ಪೈಪಿನಲ್ಲಿ ನೀರು ಬಿಟ್ಟು ತೊಳೀತಿದಾರೆ, ಇಬ್ಬರು ಗಂಡಸರು, ಒಬ್ಬ ಹೆಂಗಸು, ಕೆಲಸ ಮಾಡ್ತಿರೋದು ಹೆಂಗಸು. ಬಲಗಡೆ ಯಾರೋ ಕಾಲುವೆ ಕಟ್ಟೆ ಮೇಲೆ ರಗ್ಗು ಒಣಗಿಸಿದಾರೆ, ಹುಲಿ ಚಿತ್ರದ್ದು. ಯಾವ ಬಣ್ಣ ಎಂದೆ. ಕೆಂಪು, ಹುಲಿಗೆ ಮಾತ್ರ ಹಸಿರು ಕಣ್ಣು ಎಂದಳು. ಮದುವೆಯಾದಾಗಿನಿಂದ ಇವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಅಥವಾ ಮಾತಾಡಿದ್ದಳೋ ಏನೋ.

"ಎರಡೂ ಕಡೆ ನಾನೇ ಹೇಳ್ಬೇಕಾ? ಮುಂದಿನದು ನೀವು ಹೇಳಿ" ಎಂದಳು.

ನೆಟ್ಟಗೆ ನೋಡಿದೆ. ನನ್ನ ತಟ್ಟೆಯಷ್ಟು ಜಾಗದಲ್ಲಿ ಅವಳ ಬೆನ್ನು, ಬೆವರಿಗೆ ಅಂಟಿದ ಬಟ್ಟೆ, ಅರ್ಧ ಬೆಳ್ಳಗಾದ ಜಡೆ, ಜಾರುತ್ತಿದ್ದ ಒಂದು ಹೇರ್‌ಪಿನ್.

"ಮುಂದೆ ನೀನೇ ಇದ್ದೀಯ. ಬೇರೆ ಏನೂ ಕಾಣ್ತಿಲ್ಲ."

"ಅಬ್ಬಾ, ಈಗ್ಲಾದ್ರೂ ಕಂಡ್ನಲ್ಲ!"

ನಗು ತಡೆಯಲಾಗದೆ ಅವಳು ಹ್ಯಾಂಡಲ್ ಓಲಾಡಿಸಿದಳು. ಇಬ್ಬರೂ ಒಟ್ಟಿಗೆ ಕಾಲು ಕೊಟ್ಟು ನಿಂತೆವು. ಮತ್ತೆ ಹತ್ತುವಾಗ, ಯಾವ ಕಾಲು ಮೊದಲು ಎಂದು ಕೇಳಿದೆ. ಬಲಗಾಲು ಎಂದಳು.